ಪಾಯಿಂಟಿಗೆ ಬರ್ರಿ

ಎಂಜಿನ್ನಿಗೆ ‘ಏರ್ ಕೂಲ್ಡ್’ ಅಂತ ಹೆಸರಿಟ್ಟ ಪುಣ್ಯಾತ್ಮ ಮೇ ತಿಂಗಳಲ್ಲಿ ಬಳ್ಳಾರಿಗೆ ಬಂದಿರಲಿಕ್ಕಿಲ್ಲ. ಇಲ್ಲಿ ಏರೇ ಕೂಲ್ ಇಲ್ಲ. ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಬಿರುಬೇಸಿಗೆ. ಮಧ್ಯಾಹ್ನ ಎರಡಕ್ಕೆ ರಾಯಲ್ ಸರ್ಕಲ್ಲಿನಲ್ಲಿ ನಿಂತ ಹಳೇ ಬುಲೆಟ್ಟು ಯಾವ ಗಾಳಿಗೆ ತಣ್ಣಗಾಗಬೇಕು? ಮುಂದಿನ ಬಸ್ಸು ಬಿಟ್ಟ ಗಾಳಿಗಾ? ಎರಡು ಸಲ ಕೆಮ್ಮಿ, ಒಂದು ‘ಡುಗ್’ ಆದಮೇಲೆ ಇನ್ನೊಂದು ‘ಡುಗ್’ ಬರುವುದನ್ನೇ ಮರೆತು ಸುಮ್ಮನಾಗುತ್ತದೆ. ಸಿಗ್ನಲ್ ಹಸಿರಾಗುವುದು ಸರಿಯಾಗಿ ಆಗಲೇ.

ಮುಂದಿನ ನಾಟಕ ಹಳೇ ಬುಲೆಟ್ ಇಟ್ಟವರಿಗೆಲ್ಲ ಬಾಯಿಪಾಠ. ಗಾಡಿ ದಬ್ಬಿಕೊಂಡು ಚಹಾ ಅಂಗಡಿಯ ನೆರಳಿಗೆ ತಂದು ಸ್ಟ್ಯಾಂಡ್ ಹಾಕುವಷ್ಟರಲ್ಲಿ ಬಲಮಗ್ಗುಲಿಗೆ ಒಬ್ಬರು ಕುಕ್ಕರಗಾಲಲ್ಲಿ ಕೂತೇ ಇರುತ್ತಾರೆ. ಕರೆದವರು ಯಾರೂ ಇಲ್ಲ. “ಪಾಯಿಂಟ್ ಕೆರೀಬೇಕ್ರಿ ಅಣ್ಣಾ,” ಎಂದು ತಿರುಗಿಯೂ ನೋಡದೆ ಕೈ ಹಿಂದಕ್ಕೆ ಚಾಚುತ್ತಾರೆ. ಪಾಯಿಂಟ್ ಅಂದರೆ ತೆರೆದು ಮುಚ್ಚಿ ಪ್ಲಗ್ಗಿನಲ್ಲಿ ಕಿಡಿ ಹಾರಿಸುವ ಪುಟ್ಟ ಸ್ವಿಚ್ಚು. ಚಹಾದವನು ಏನು ಬೇಕೆಂದು ಕೇಳುವುದಿಲ್ಲ, ಕಡ್ಡಿಪೆಟ್ಟಿಗೆ ಎಸೆಯುತ್ತಾನೆ. ಅದರ ಒಂದು ಮಗ್ಗುಲು ಹರಿದು, ಮಡಚಿ, ಪಾಯಿಂಟಿನ ಸಂದಿಗೆ ತೂರಿಸಿ, ಹಲ್ಲುಜ್ಜಿದಂತೆ ಉಜ್ಜಾಟ. ನಡುವೆ ಒಮ್ಮೆ ‘ಉಫ್’ ಎಂದು ಊದುವುದು. ಆ ಊದುವಿಕೆಯಲ್ಲಿ ಒಂದು ಅಧಿಕಾರ ಇರುತ್ತದೆ.

ಬ್ಯಾಂಕಿನ ಗುಮಾಸ್ತರು, ಜೀನ್ಸ್ ಹೊಲಿಯುವವರು, ಆಟೊ ಓಡಿಸುವವರು, ಗಾಡಿಯನ್ನೇ ಇಟ್ಟಿರದವರು, ಎಲ್ಲರೂ ಈ ವೈದ್ಯದಲ್ಲಿ ಪಾರಂಗತರು. ಕಾರ್ಬುರೇಟರಿಗೆ ಕೈ ಹಾಕಲು ಹೆದರುವವರೂ ಪಾಯಿಂಟ್ ಎಂದರೆ ಎದ್ದು ಬರುತ್ತಾರೆ.

ಕೆರೆಯುವ ವಸ್ತು ಯಾವುದೆಂದು ಮಾತ್ರ ಯಾರೂ ಯೋಚಿಸಿದ ಹಾಗಿಲ್ಲ. ಕಡ್ಡಿಪೆಟ್ಟಿಗೆಯ ಆ ಪಟ್ಟಿಯಲ್ಲಿರುವುದು ಕೆಂಪು ರಂಜಕ ಮತ್ತು ಗಾಜಿನ ಪುಡಿ. ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ ಎಂದು ಹೈಸ್ಕೂಲಿನಲ್ಲಿ ಓದಿದವರೇ ಎರಡು ಟಂಗ್‌ಸ್ಟನ್ ಮುಖಗಳ ನಡುವೆ ಅದನ್ನು ಉದುರಿಸಿ ಎದ್ದು ಹೋಗುತ್ತಾರೆ. ಈಗಷ್ಟೇ ಒಗ್ಗರಣೆ ಮಿರ್ಚಿ ಮುಗಿಸಿ ಬಂದ ಕೈಯಾದರೆ ಎಣ್ಣೆಯೂ ಪುಕ್ಕಟೆ. ಆ ಎಣ್ಣೆ ಕಿಡಿಗೆ ಸುಟ್ಟು ಕರಿ ಕಟ್ಟುತ್ತದೆ. ಪಾಯಿಂಟ್ ಉಜ್ಜಲೇಬೇಕಿದ್ದರೆ ಅದಕ್ಕೆಂದೇ ಇರುವ ತೆಳು ಅರ ಸಿಗುತ್ತದೆ, ನಾಲ್ಕು ಎಳೆತ ಸಾಕು. ಆಮೇಲೆ ಪೆಟ್ರೋಲಿನಲ್ಲಿ ಅದ್ದಿದ ಶುಭ್ರ ಕಾಗದವನ್ನು ನಡುವೆ ಇಟ್ಟು ಎಳೆಯಬೇಕು, ಕಾಗದ ಬಿಳಿಯಾಗಿಯೇ ಹೊರಬರುವ ತನಕ.

ಇನ್ನು ಗ್ಯಾಪು, ಅಂದರೆ ಪಾಯಿಂಟ್ ಪೂರ್ತಿ ತೆರೆದಾಗಿನ ಸಂದಿ. 0.35ರಿಂದ 0.40 ಮಿಲಿಮೀಟರ್ ಇರಬೇಕು. ಅಳೆಯಲು ಫೀಲರ್ ಗೇಜ್ ಎಂಬುದಿದೆ, ಆದರೆ ನಮ್ಮ ವೈದ್ಯರು ಜೇಬಿನಿಂದ ತೆಗೆಯುವುದು ಆಕ್ಸಾ ಬ್ಲೇಡಿನ ತುಂಡು. ಅದರ ದಪ್ಪವೇ 0.6 ದಾಟಿರುತ್ತದೆ. ಗ್ಯಾಪ್ ಹೆಚ್ಚಾದರೆ ಪಾಯಿಂಟ್ ಬೇಗ ತೆರೆಯುತ್ತದೆ, ಬೇಗ ತೆರೆದರೆ ಟೈಮಿಂಗ್ ಮುಂದಕ್ಕೆ ಹೋಗುತ್ತದೆ, ಅಂದರೆ ಕಿಡಿ ಹೊತ್ತಿಗೆ ಮುಂಚೆಯೇ ಹಾರುತ್ತದೆ, ಟೈಮಿಂಗ್ ಮುಂದಕ್ಕೆ ಹೋದರೆ ಮರುದಿನ ಬೆಳಿಗ್ಗೆ ಕಿಕ್ಕರ್ ವಾಪಸ್ ಬಂದು ಮೀನಖಂಡಕ್ಕೆ ಬಾರಿಸುತ್ತದೆ. ಆ ಹೊತ್ತಿಗೆ ವೈದ್ಯರು ಇನ್ನೊಂದು ಸರ್ಕಲ್ಲಿನಲ್ಲಿ ಇನ್ನೊಂದು ಬುಲೆಟ್ಟಿನ ಪಕ್ಕ ಕೂತಿರುತ್ತಾರೆ.

ಹೊಟ್ಟೆ ಉರಿಯುವುದು ಇದಕ್ಕಲ್ಲ. ಇಷ್ಟೆಲ್ಲ ಆದಮೇಲೆ ಗಾಡಿ ಸ್ಟಾರ್ಟ್ ಆಗುತ್ತದೆ! ಒಂದೇ ಕಿಕ್ಕಿಗೆ! “ನೋಡ್ರಿ, ನಾ ಹೇಳಿಲ್ಲಾ?”

ಸ್ಟಾರ್ಟ್ ಆಗಿದ್ದು ಕಡ್ಡಿಪೆಟ್ಟಿಗೆಯಿಂದಲ್ಲ, ಚಹಾದಿಂದ. ಬಿಸಿಯಾದಾಗ ನಿಂತು ಅರ್ಧ ಗಂಟೆಗೆ ಸರಿಹೋಗುವ ಗಾಡಿಯಲ್ಲಿ ಮೊದಲು ಅನುಮಾನಿಸಬೇಕಾದ್ದು ಕಂಡೆನ್ಸರನ್ನು, ಆಮೇಲೆ ಬ್ಯಾಟರಿಯ ವೋಲ್ಟನ್ನು ಕಿಡಿ ಹಾರುವಷ್ಟು ಏರಿಸುವ ಕಾಯಿಲನ್ನು. ಪಾಯಿಂಟ್ ತೆರೆಯುವ ಕ್ಷಣದಲ್ಲಿ ಕರೆಂಟು ಸಂದಿಯಲ್ಲೇ ಹಾರದಂತೆ ತಡೆಯುವುದು ಸುಮಾರು 0.2 ಮೈಕ್ರೋಫ್ಯಾರಡ್‌ನ ಆ ಪುಟ್ಟ ಡಬ್ಬಿ. ಎಂಜಿನ್ನಿನ ಮಗ್ಗುಲಲ್ಲೇ ಬೆಂದು ಬೆಂದು ಅದರ ಒಳಗಿನ ಪದರ ಸೋರತೊಡಗಿದರೆ ಪಾಯಿಂಟಿನಲ್ಲಿ ಕಣ್ಣು ಕುಕ್ಕುವ ಕಿಡಿ, ಪ್ಲಗ್ಗಿನಲ್ಲಿ ಬಡಕಲು ಹಳದಿ ಕಿಡಿ. ನೆರಳಲ್ಲಿ ನಿಂತು ಚಹಾ ಮುಗಿಸುವಷ್ಟರಲ್ಲಿ ಡಬ್ಬಿ ಆರುತ್ತದೆ, ಗಾಡಿ ಏಳುತ್ತದೆ, ಕೀರ್ತಿ ಕಡ್ಡಿಪೆಟ್ಟಿಗೆಗೆ. ಅದಕ್ಕೇ ಪಾಯಿಂಟಿನ ಬದಲು ಕೂರುವ ಸಾವಿರಾರು ರೂಪಾಯಿಯ ಎಲೆಕ್ಟ್ರಾನಿಕ್ ಕಿಟ್ಟಿಗೆ ಓಡುವ ಮುನ್ನ ಹೊಸ ಕಂಡೆನ್ಸರನ್ನು ಟ್ಯಾಂಕಿನ ಕೆಳಗೆ, ಕಾಯಿಲಿನ ಪಕ್ಕದಲ್ಲಿ ಕೂಡಿಸಿ ನೋಡಿ. ತಂತಿ ಕಾಯಿಲಿನಿಂದ ಪಾಯಿಂಟಿಗೆ ಹೋಗುವ ತುದಿಗೆ, ಡಬ್ಬಿಯ ಮೈ ಬಣ್ಣ ಕೆರೆದ ಫ್ರೇಮಿಗೆ. ಕೆರೆಯುವ ಚಟವಿದ್ದವರು ಇಲ್ಲಿ ಧಾರಾಳವಾಗಿ ಕೆರೆಯಬಹುದು.

ಇಷ್ಟು ಮಾಡಿಯೂ ಕಿಟ್ಟೇ ಬೇಕು ಎನಿಸಿದರೆ ಹಾಕಿಸಿ, ತಪ್ಪಿಲ್ಲ. ತಿರುಗುತ್ತ ಪಾಯಿಂಟನ್ನು ತೆರೆಸುವ ಕ್ಯಾಮಿಗೆ ಉಜ್ಜುವ ಫೈಬರ್ ತುಂಡು ಸವೆದಂತೆ ಗ್ಯಾಪ್ ಕಿರಿದಾಗಿ ಟೈಮಿಂಗ್ ಹಿಂದಕ್ಕೆ ಸರಿಯುವ ತೊಂದರೆಗೆ ಬೇರೆ ಕಾಯಂ ಮದ್ದಿಲ್ಲ. ಜರ್ಮನಿಯ ಪೋರ್ಷೆ 911 ಕೂಡ 1998ರವರೆಗೆ ಗಾಳಿಗೇ ತಣ್ಣಗಾಗುತ್ತಿದ್ದ ಜಾತಿ. 1969ರ ಕೆಲವು ಮಾಡೆಲ್ಲುಗಳಿಗೆ ಸಿಡಿಐ ಎಂಬ ಎಲೆಕ್ಟ್ರಾನಿಕ್ ಕಿಡಿ ಪೆಟ್ಟಿಗೆ ಬಂತು, ಆದರೆ ಪೆಟ್ಟಿಗೆಗೆ ಸನ್ನೆ ಮಾಡುವ ಕೆಲಸ ಮುಂದೆಯೂ ಹಲವು ವರ್ಷ ಪಾಯಿಂಟಿನದೇ ಆಗಿತ್ತು. ಸಣ್ಣ ಕರೆಂಟಾದ್ದರಿಂದ ಪಾಯಿಂಟ್ ಸುಡುವುದು ನಿಂತಿತು, ಉಜ್ಜಿ ಸವೆಯುವುದು ನಿಲ್ಲಲಿಲ್ಲ. ಅಷ್ಟು ದುಡ್ಡಿನ ಸ್ಪೋರ್ಟ್ಸ್ ಕಾರಿಗೂ ಇದೇ ಗತಿ ಎಂದರೆ ಸರ್ಕಲ್ಲಿನಲ್ಲಿ ನಿಂತವರಿಗೆ ಸ್ವಲ್ಪ ಸಮಾಧಾನ.

ಬ್ಯಾಟರಿ 6 ವೋಲ್ಟಿನದೋ 12ರದೋ, ಅರ್ತ್ ಆಗಿರುವುದು ಪ್ಲಸ್ಸೋ ಮೈನಸ್ಸೋ, ಇದನ್ನು ನೋಡದೆ ಕಿಟ್ ಕೊಳ್ಳಬೇಡಿ. ತಂತಿ ಅದಲುಬದಲಾದರೆ ಕಿಟ್ಟಿನ ಪೆಟ್ಟಿಗೆ ಒಂದೇ ಕ್ಷಣದಲ್ಲಿ ಹೋಗುತ್ತದೆ, ಸದ್ದೂ ಮಾಡುವುದಿಲ್ಲ. ಬ್ಯಾಟರಿ ಬಿಚ್ಚಿಟ್ಟು, ಪಾಯಿಂಟ್ ಪ್ಲೇಟು ಕೂತ ಜಾಗಕ್ಕೆ ಮೊನೆಯಿಂದ ಗೀರು ಹಾಕಿಕೊಂಡು, ಪಾಯಿಂಟು ಕಂಡೆನ್ಸರು ಎರಡನ್ನೂ ತೆಗೆಯಬೇಕು. ಕಂಡೆನ್ಸರ್ ಅಲ್ಲೇ ಉಳಿಸಿ “ಸ್ಟಾರ್ಟೇ ಆಗವಲ್ದು” ಎನ್ನುವವರು ಬಹಳ. ಕೆಳಗಿರುವ, ವೇಗ ಏರಿದಂತೆ ಕಿಡಿಯನ್ನು ಬೇಗ ತರುವ ಅಡ್ವಾನ್ಸ್ ತೂಕಗಳ ಜಿಡ್ಡು ತೊಳೆದು ಒಂದೊಂದೇ ಹನಿ ಎಣ್ಣೆ ಬಿಡಿ. ಆ ತೂಕಗಳು ಸಿಕ್ಕಿಕೊಂಡಿದ್ದರೆ ಎಂಥ ಕಿಟ್ ಹಾಕಿದರೂ ಗಾಡಿ ಏರಿನಲ್ಲಿ ಏದುಸಿರು ಬಿಡುತ್ತದೆ. ಕಾಯಿಲಿನ ಪ್ರೈಮರಿಯನ್ನು, ಅಂದರೆ ಬ್ಯಾಟರಿ ಕಡೆಯ ಸುರುಳಿಯನ್ನು, ಮೀಟರಿನಲ್ಲಿ ನೋಡಿ, 12 ವೋಲ್ಟಿನದಾದರೆ 3ರಿಂದ 4 ಓಮ್ ಬರಬೇಕು. ಕಾರಿನ 1.5 ಓಮ್ ಕಾಯಿಲು ಪುಕ್ಕಟೆ ಸಿಕ್ಕಿತೆಂದು ಕಟ್ಟಿದರೆ 8 ಆಂಪಿಯರ್ ಎಳೆದು ಕಾಯಿಲನ್ನೂ ಪೆಟ್ಟಿಗೆಯನ್ನೂ ಕೂಡಿಯೇ ಹುರಿಯುತ್ತದೆ.

ನಮ್ಮ ಕಡೆ ಕಿಟ್ ಹಾಳಾಯಿತು ಎನ್ನುವ ಗಾಡಿಗಳಲ್ಲಿ ಎಷ್ಟೋ ಸಲ ಹಾಳಾಗಿರುವುದು ಚಾವಿ ಸ್ವಿಚ್ಚು. ಸಂಡೂರಿನ ಕೆಂಧೂಳು ಅದರೊಳಗೆ ಮನೆ ಕಟ್ಟಿರುತ್ತದೆ. ಬ್ಯಾಟರಿಯಲ್ಲಿ 12.6 ಇದ್ದದ್ದು ಕಾಯಿಲಿಗೆ ತಲುಪುವಾಗ 11 ಆಗಿದ್ದರೆ ಅದನ್ನು ಮೊದಲು ಸರಿಮಾಡಿ, ಅರ್ಧ ವೋಲ್ಟಿಗಿಂತ ಹೆಚ್ಚು ಸೋರಬಾರದು. ಪ್ಲಗ್ಗಿಗೆ 5 ಕಿಲೋ ಓಮ್ ರೆಸಿಸ್ಟರ್ ಕ್ಯಾಪ್ ಹಾಕದಿದ್ದರೆ ಕಿಡಿಯ ಗದ್ದಲಕ್ಕೆ ಕಿಟ್ಟಿನ ಸೆನ್ಸರಿಗೆ ತಲೆ ಕೆಡುತ್ತದೆ. ಪೆಟ್ಟಿಗೆಯನ್ನು ಗಾಳಿ ತಾಗುವ ಕಡೆ ಕಟ್ಟಿ, ಅಂದರೆ ಸಿಲಿಂಡರಿನಿಂದ ದೂರ. ಕಡೆಗೆ, ಕಿಡಿ ಹಾರಿದಾಗಲೆಲ್ಲ ಮಿಂಚುವ ಟೈಮಿಂಗ್ ಲೈಟ್ ಹಿಡಿದೇ ಹೊಂದಿಸಿ. “ಕಿವಿ ಇಟ್ಟು ಕೇಳ್ತೀನ್ರಿ” ಎನ್ನುವ ಉಸ್ತಾದ್‌ಗೆ ಕೈಮುಗಿದು ಲೈಟ್ ಕೈಗೆ ಕೊಡಿ.

ಆಮೇಲೆ ಗಾಡಿ ಗಡಿಯಾರದಂತೆ ಓಡುತ್ತದೆ, ಒಂದೆರಡು ಸಣ್ಣ ನಷ್ಟ ಬಿಟ್ಟರೆ. ಪಾಯಿಂಟ್ ಇರುವ ಗಾಡಿಯಲ್ಲಿ ಚಾವಿ ತಿರುಗಿಸಿ ಕಿಕ್ಕರನ್ನು ಮೆಲ್ಲಗೆ ಒತ್ತುವಾಗ, ಕರೆಂಟು ತೋರಿಸುವ ಆಂಪ್ ಮೀಟರಿನ ಮುಳ್ಳು ನಡುವಿಗೆ ಬಂದು ನಿಂತರೆ ಪಾಯಿಂಟ್ ತೆರೆಯಿತು ಎಂದರ್ಥ. ಸಿಲಿಂಡರಿನ ಒತ್ತಡ ಬಿಡುವ ಡಿಕಂಪ್ರೆಷನ್ ಲಿವರ್ ಹಿಡಿದು ಒಂದು ಕೂದಲೆಳೆ ದಾಟಿಸಿ ಬಿಟ್ಟು ಒದ್ದರೆ ಆಯಿತು. ಕೆಲವು ಕಿಟ್ಟುಗಳು ಎಂಜಿನ್ ನಿಂತಾಗ ಕರೆಂಟನ್ನೇ ಕತ್ತರಿಸುತ್ತವೆ, ಮುಳ್ಳು ಅಲ್ಲಾಡುವುದಿಲ್ಲ. ಮುಳ್ಳನ್ನು ನೋಡಿ ಒದೆಯಲು ಕಲಿತ ಕಾಲು ಹೊಸದಾಗಿ ಕಲಿಯಬೇಕು.

ಕಪ್ಪು ಎಪಾಕ್ಸಿ ತುಂಬಿದ ಪೆಟ್ಟಿಗೆ ಎಂದಾದರೊಂದು ದಿನ ಸತ್ತಾಗ ಇನ್ನೂ ವಿಚಿತ್ರ. ಕುಕ್ಕರಗಾಲಲ್ಲಿ ಕೂತವರು ಮುಚ್ಚಳ ಬಿಚ್ಚಿ ನೋಡುತ್ತಾರೆ. ಕೆರೆಯಲು ಏನೂ ಇಲ್ಲ. ಒಮ್ಮೆ ಊದುತ್ತಾರೆ, ರೂಢಿಗೆ. “ಇದು ಎಲೆಕ್ಟ್ರಾನಿಕ್ ಅದರೀ ಅಣ್ಣಾ,” ಎಂದು ಎದ್ದು ಮೊಣಕಾಲಿನ ಧೂಳು ಕೊಡವಿಕೊಳ್ಳುವಾಗ ಆ ಮುಖ ನೋಡಲಾಗುವುದಿಲ್ಲ. ಹಾಗಾಗಿ ತೆಗೆದ ಪಾಯಿಂಟ್ ಸೆಟ್ಟನ್ನು ಗ್ಯಾಪ್ ಹೊಂದಿಸಿದ ಪ್ಲೇಟಿನ ಸಮೇತ, ಒಂದು ಕಂಡೆನ್ಸರ್, ಒಂದು ಸ್ಕ್ರೂಡ್ರೈವರ್ ಜೊತೆ ಬಟ್ಟೆಯಲ್ಲಿ ಸುತ್ತಿ ಟೂಲ್ ಬಾಕ್ಸಿನಲ್ಲಿಡಿ. ಗೀರು ನೋಡಿ ಕೂಡಿಸಿದರೆ ಇಪ್ಪತ್ತು ನಿಮಿಷದ ಕೆಲಸ. ಕಡ್ಡಿಪೆಟ್ಟಿಗೆ ಇಡಬೇಕಿಲ್ಲ, ಅದನ್ನು ಯಾರಾದರೂ ತಂದೇ ತರುತ್ತಾರೆ.