ರೀಫಂಡ್‌ಗೂ ಪರಿಚಯದವರು ಬೇಕಾ?

ನನ್ನ ಇನ್‌ಕಮ್ ಟ್ಯಾಕ್ಸ್ ರೀಫಂಡ್ ತಿಂಗಳುಗಟ್ಟಲೆ ಬಂದಿರಲಿಲ್ಲ. ಫೋನಿನಲ್ಲಿ ಧಾರವಾಡದ ಕಾಕಾಗೆ ಹೇಳಿದೆ. ‘ನಿನ್ನ ರೊಕ್ಕ ಬೆಂಗಳೂರಾಗ ಕುಂತದ ಅಂದ್ರ ಚಿಂತಿ ಯಾಕೋ? ಯಾರನ್ನರ ಹಿಡಿಯೋಣ ತಗೋ’ ಅಂದರು. ಪ್ರೀತಿಯಿಂದಲೇ ಅಂದದ್ದು. ಆದರೂ ನನಗೆ ಚುರ್ ಅಂತು.

ರಿಟರ್ನ್‌ಗಳು ಪ್ರೊಸೆಸ್ ಆಗೋದು ಬೆಂಗಳೂರಿನ ಸಿಪಿಸಿಯಲ್ಲಿ, ಅಂದರೆ ತೆರಿಗೆ ಇಲಾಖೆಯ ಕೇಂದ್ರ ಪ್ರೊಸೆಸಿಂಗ್ ಕಚೇರಿಯಲ್ಲಿ, ನಿಜ. ಆದರೆ ಅಲ್ಲಿ ಯಾರನ್ನು ಹಿಡಿಯೋದು? ತೆರಿಗೆ ಕಟ್ಟುವವನೂ ಅಧಿಕಾರಿಯೂ ಮುಖ ನೋಡದೆ ಕೆಲಸ ಮುಗಿಯಲಿ ಅಂತಲೇ ಮಾಡಿದ ವ್ಯವಸ್ಥೆ ಅದು. ಮುಂಬೈ ಪಕ್ಕದ ಡೊಂಬಿವಲಿಯ ನಾನೂ ಬೆಂಗಳೂರಿನ ಜಯನಗರದವನೂ ಅಲ್ಲಿ ಒಂದೇ. ಇದು ಎಷ್ಟು ಒಳ್ಳೇದು ಅಂತ ಊರಲ್ಲಿ ಯಾಕೆ ಯಾರಿಗೂ ಅನಿಸೋದಿಲ್ಲ?

ನಮ್ಮ ಕಡೆ ಕೆಲಸ ನಿಂತರೆ ಮೊದಲ ಪ್ರಶ್ನೆ, ಅಲ್ಲಿ ನಮ್ಮವರು ಯಾರಿದ್ದಾರೆ? ಏನಾಗಿದೆ ಅನ್ನೋದು ಆಮೇಲೆ. ಇಲ್ಲಿ ಉಲ್ಟಾ. ಪಕ್ಕದ ಮನೆಯ ಮರಾಠಿ ಕಾಕೂ ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ವಿಷಯ ಕೇಳಿದ್ದೇ ‘ಸ್ಟೇಟಸ್ ಏನು ತೋರಿಸ್ತಿದೆ?’ ಅಂದರು. ಅವರ ಕಪಾಟಿನಲ್ಲಿ ವರ್ಷಕ್ಕೊಂದು ಪ್ಲಾಸ್ಟಿಕ್ ಫೋಲ್ಡರ್. ಒಳಗೆ ರಿಟರ್ನ್ ತುಂಬಿದ ಅಕ್ನಾಲೆಜ್‌ಮೆಂಟ್, ತೆರಿಗೆ ಕಡಿತದ ಲೆಕ್ಕ ತೋರಿಸುವ ಫಾರ್ಮ್ 16, 26ಎಎಸ್. ರಿಟರ್ನ್ ದೃಢೀಕರಿಸುವ ಐಟಿಆರ್-ವಿ ಫಾರ್ಮಿಗೆ ಸಹಿ ಹಾಕಿ ಅಂಚೆಯಲ್ಲಿ ಬೆಂಗಳೂರಿಗೆ ಕಳಿಸುತ್ತಿದ್ದ ಕಾಲದ ಸ್ಪೀಡ್ ಪೋಸ್ಟ್ ರಸೀದಿಗಳೂ ಇವೆ. ಅಕ್ಷರ ಮಾಸಿಹೋಗುತ್ತೆ ಅಂತ ಅವುಗಳ ಜೆರಾಕ್ಸ್ ಬೇರೆ. ಲಕೋಟೆ ದಾರಿಯಲ್ಲಿ ಕಳೆದುಹೋದರೆ ಕೈಯಲ್ಲಿ ಉಳಿಯೋದು ಅದೊಂದೇ ಅಲ್ವಾ?

ನನ್ನ ಪಕ್ಕ ಕೂತು ಒಂದೊಂದೇ ನೋಡಿಸಿದರು. 30 ದಿನದೊಳಗೆ ಇ-ವೆರಿಫೈ, ಅಂದರೆ ರಿಟರ್ನ್‌ನ ಆನ್‌ಲೈನ್ ದೃಢೀಕರಣ, ಆಗಿದೆಯಾ? ಆಗಿತ್ತು. ಹಳೇ ವರ್ಷದ ಬಾಕಿಗೆ ಹಣ ಹಿಡಿದುಕೊಂಡಿದ್ದಾರಾ? ಇಲ್ಲ. ಕೊನೆಗೆ ಸಿಕ್ಕಿತು, ‘ರೀಫಂಡ್ ಫೇಲ್’ ಅಂತ. ಖಾತೆ ಊರಿನದು, ಸಿಂಡಿಕೇಟ್ ಬ್ಯಾಂಕಿನದು. 2020ರ ಏಪ್ರಿಲ್‌ನಲ್ಲಿ ಅದು ಕೆನರಾ ಜೊತೆ ಸೇರಿದ ಮೇಲೆ ಶಾಖೆಯ ಐಎಫ್‌ಎಸ್‌ಸಿ ಕೋಡ್ ಬದಲಾಗಿತ್ತು. ಹೊಸ ಕೋಡ್ ಹಾಕಿ ಖಾತೆ ವ್ಯಾಲಿಡೇಟ್ ಮಾಡಿ, ಪೋರ್ಟಲ್‌ನಲ್ಲೇ ರೀಫಂಡ್ ರೀಇಶ್ಯೂಗೆ ಕೋರಿಕೆ ಕೊಟ್ಟೆ. ಹಣ ಬಂತು. ಯಾರನ್ನೂ ಹಿಡಿಯಲಿಲ್ಲ.

ರೀಫಂಡ್ ಅಂದರೆ ನಾವು ಜಾಸ್ತಿ ಕಟ್ಟಿದ ನಮ್ಮದೇ ದುಡ್ಡು. ಇಲಾಖೆಯಿಂದ ತಡವಾದರೆ ತಿಂಗಳಿಗೆ ಅರ್ಧ ಪರ್ಸೆಂಟ್ ಬಡ್ಡಿ ಕೊಡಬೇಕು ಅಂತ ಕಾಯ್ದೆಯೇ ಹೇಳುತ್ತದೆ. ತೆರಿಗೆಯ ಶೇಕಡಾ 10ಕ್ಕಿಂತ ಕಡಿಮೆ ರೀಫಂಡ್ ಇದ್ದರೆ ಮಾತ್ರ ಬಡ್ಡಿ ಇಲ್ಲ. ಇಂಥ ಹಕ್ಕಿನ ಹಣಕ್ಕೂ ಕೈಮುಗಿದು ನಿಂತು, ಆಮೇಲೆ ‘ಅವರ ದಯೆಯಿಂದ ಆಯ್ತು’ ಅನ್ನೋದು ನನಗೆ ಸಹಿಸೋಕೆ ಆಗೋದಿಲ್ಲ. ಪರಿಚಯದವರೇ ಇಲ್ಲದವನು ಎಲ್ಲಿಗೆ ಹೋಗಬೇಕು? ಊರು ಬಿಟ್ಟು ಬಂದ ನಮಗೆ ಈ ಪ್ರಶ್ನೆ ಬೇಗ ಅರ್ಥ ಆಗುತ್ತೆ.

ಹಾಗಂತ ಇಲ್ಲಿ ಎಲ್ಲರಿಗೂ ಒಬ್ಬ ಕಾಕೂ ಸಿಗೋದಿಲ್ಲ. ಮೇಲಿನ ಮಹಡಿಯಲ್ಲಿ ವಿಜಯಪುರದ ಅಜ್ಜ ಒಬ್ಬರೇ ಇದ್ದಾರೆ. ಆಧಾರ್‌ನಲ್ಲಿ ಹಳೇ ಮೊಬೈಲ್ ನಂಬರ್, ಒಟಿಪಿ ಬರೋದಿಲ್ಲ. ನೆಟ್‌ಬ್ಯಾಂಕಿಂಗ್‌ನಿಂದಲೂ ವೆರಿಫೈ ಮಾಡಬಹುದು, ಈಗಲೂ ಐಟಿಆರ್-ವಿ ಅಂಚೆಯಲ್ಲಿ ಕಳಿಸಬಹುದು ಅಂತ ಯಾರೂ ಅವರಿಗೆ ಹೇಳಿರಲಿಲ್ಲ. ಕೇಳಿದವರೆಲ್ಲ ‘ಪೋರ್ಟಲ್ ಪೇ ದೇಖೋ’ ಅಂತ ಲೋಕಲ್ ಟ್ರೇನ್ ಹಿಡಿಯೋಕೆ ಓಡಿದವರೇ. ಧಾರವಾಡದಲ್ಲಿ ಮಾವ ತೀರಿಕೊಂಡ ವರ್ಷ ಹಾಗಾಗಲಿಲ್ಲ. ಕಾಕಾನ ಪರಿಚಯದ ಸಿಎ ಆಫೀಸಿನ ಹುಡುಗ ಸ್ಕೂಟರಿನಲ್ಲಿ ಅತ್ತೆಯ ಮನೆಗೇ ಬಂದ. ವಾರಸುದಾರರಾಗಿ ಅವರ ಹೆಸರು ನೋಂದಾಯಿಸಿ, ಮಾವನ ರಿಟರ್ನ್ ತುಂಬಿಕೊಟ್ಟ. ಚಹಾ ಬಿಟ್ಟು ಏನೂ ತಗೊಳ್ಳಲಿಲ್ಲ. ಕಾಕಾ ‘ಹಿಡಿಯೋಣ’ ಅನ್ನೋದರಲ್ಲಿ ಇದೂ ಸೇರಿದೆ ಅಂತ ನಾನು ಒಪ್ಪಲೇಬೇಕು.

ಆ ಅಜ್ಜನಂಥವರ ರಿಟರ್ನ್‌ಗೆ ನೆರವಾಗೋಕೆ ಜುಲೈ ತಿಂಗಳ ಭಾನುವಾರಗಳಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರೋಕೆ ನಾನು ತಯಾರಿದ್ದೇನೆ. ಡೊಂಬಿವಲಿಯ ಕನ್ನಡದವರಲ್ಲಿ ಇನ್ನೂ ಇಬ್ಬರು ಜೊತೆಗೆ ಬಂದರೆ ಈ ವರ್ಷವೇ ಶುರು ಮಾಡಬಹುದು.