ಪೇಠಾ ಇಲ್ಲದ ಅಲಹಾಬಾದಿ ಕೇಕ್ ನನಗೆ ಬೇಡ

ಈಗೀಗ ಡಿಸೆಂಬರ್ ಬಂತೆಂದರೆ ಆನ್‌ಲೈನ್‌ನಲ್ಲಿ ಅಲಹಾಬಾದಿ ಕೇಕ್, ಅಂದರೆ ಅಲಹಾಬಾದ್ ಊರಿನ ಕ್ರಿಸ್‌ಮಸ್ ಕೇಕ್, ಕಾಣಿಸುತ್ತದೆ. ಹಳೇ ರುಚಿಯೊಂದು ಮತ್ತೆ ಬರ್ತಿದೆ ಅಂತ ನನಗೆ ನಿಜಕ್ಕೂ ಖುಷಿ. ಆದರೆ ಡಬ್ಬಿ ಮೇಲೆ ಆ ಹೆಸರು, ಒಳಗೆ ಮಾಮೂಲಿ ಪ್ಲಮ್ ಕೇಕ್ ಇದ್ದರೆ ಸಿಟ್ಟು ಬರುತ್ತದೆ.

1858ರಲ್ಲಿ ಅಲಹಾಬಾದ್ ವಾಯವ್ಯ ಪ್ರಾಂತ್ಯದ ರಾಜಧಾನಿ ಆಯಿತು. 1865ಕ್ಕೆ ಯಮುನೆಯ ಮೇಲೆ ನೈನಿ ಸೇತುವೆ ಬಂತು. ರೈಲ್ವೆ ಕೆಲಸದ ಜೊತೆ ಆಂಗ್ಲೋ-ಇಂಡಿಯನ್ ಕುಟುಂಬಗಳೂ ಅಲ್ಲಿ ಬೇರೂರಿದವು. ಇಂಗ್ಲೆಂಡಿನ ಕ್ರಿಸ್‌ಮಸ್ ಕೇಕ್ ಈ ಊರಿನ ಬೇಕರಿ ಭಟ್ಟಿಗೆ (ಒಲೆಗೆ) ಹೋದಾಗ ಅದರ ಜಾತಕವೇ ಬದಲಾಯಿತು. ಬೆಣ್ಣೆ ಹೋಗಿ ತುಪ್ಪ ಬಂತು. ಸೋಂಪು, ಜಾಯಿಕಾಯಿ, ಜಾಪತ್ರೆ, ಶುಂಠಿ, ಕಿತ್ತಳೆ ಮಾರ್ಮಲೇಡ್ ಸೇರಿದವು. ರಮ್‌ನಲ್ಲಿ ನೆನೆಸಿದ ದ್ರಾಕ್ಷಿ ಅಂತೂ ಇದ್ದೇ ಇತ್ತು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಪೇಠಾ. ನಾವು ಕಾಶಿ ಹಲ್ವಾ ಮಾಡ್ತೀವಲ್ವಾ, ಅದೇ ಬೂದುಗುಂಬಳ. ಹೋಳುಗಳನ್ನು ಸುಣ್ಣದ ನೀರಲ್ಲಿ ನೆನೆಸಿ, ಚೆನ್ನಾಗಿ ತೊಳೆದು, ಸಕ್ಕರೆ ಪಾಕದಲ್ಲಿ ಬೇಯಿಸುತ್ತಾರೆ. ಸುಣ್ಣದ ನೀರು ಹೋಳನ್ನು ಗಟ್ಟಿ ಮಾಡುತ್ತದೆ. ಹಾಗಾಗಿ ಪಾಕದಲ್ಲಿ ಕುದಿದರೂ, ಆಮೇಲೆ ಕೇಕ್ ಜೊತೆ ಬೆಂದರೂ ಕರಗಿಹೋಗುವುದಿಲ್ಲ. ಕೇಕ್ ಕತ್ತರಿಸಿದರೆ ಕಂದು ಬಣ್ಣದ ನಡುವೆ ಗಾಜಿನಂಥ ಸಣ್ಣ ಸಣ್ಣ ಚೂರು ಹೊಳೆಯುತ್ತವೆ. ಕಚ್ಚಿದರೆ ಒಳಗಿನ ಪಾಕ ಬಾಯಿಗೆ ಬರುತ್ತದೆ. ಆ ಜಾಗಕ್ಕೆ ಪರಂಗಿಕಾಯಿಯ ಟೂಟಿ ಫ್ರೂಟಿ ಸುರಿದು ಅದನ್ನೇ ಅಲಹಾಬಾದಿ ಅಂದರೆ ಹೇಗೆ?

ಇನ್ನೊಂದು ಸಂಗತಿಯನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಈ ಕೇಕನ್ನು ಮನೆಯವರು ಸುಮ್ನೆ ಅಂಗಡಿಯಿಂದ ಕೊಂಡು ತರುತ್ತಿರಲಿಲ್ಲ. ಮೈದಾ, ತುಪ್ಪ, ಮೊಟ್ಟೆ, ಒಣಹಣ್ಣು ಎಲ್ಲ ತಾವೇ ಹೊತ್ತು ಬೇಕರಿಗೆ ಹೋಗುತ್ತಿದ್ದರು. ಕೆಲಸದವರು ದೊಡ್ಡ ಪಾತ್ರೆಯಲ್ಲಿ ಕೈಯಲ್ಲೇ ಹಿಟ್ಟು ಕಲಸುವಾಗ ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಸ್ವಾತಂತ್ರ್ಯದ ನಂತರ ಎಷ್ಟೋ ಆಂಗ್ಲೋ-ಇಂಡಿಯನ್ ಮನೆಗಳು ಬ್ರಿಟನ್, ಆಸ್ಟ್ರೇಲಿಯಾ ಅಂತ ಹೊರಟುಹೋದವು. ಆದರೂ ಕೇಕ್ ಉಳಿಯಿತು. ಅಳತೆ ಗೊತ್ತಿದ್ದ ಆ ಕೈಗಳು ಊರಲ್ಲೇ ಇದ್ದವು. 2018ರಲ್ಲಿ ಊರು ಪ್ರಯಾಗ್‌ರಾಜ್ ಆದರೂ ಕೇಕ್ ಮಾತ್ರ ಅಲಹಾಬಾದಿಯೇ.

ಇಷ್ಟಾದರೂ ಬರೆಯುವವರು ಬ್ರಿಟಿಷರ ಬಳುವಳಿ ಅಂತಲೇ ಶುರು ಮಾಡುತ್ತಾರೆ. ಆ ಭಟ್ಟಿ ಮುಂದೆ ಬೆವರು ಸುರಿಸಿದವರಿಗೆ ಒಂದು ಸಾಲೂ ಇರುವುದಿಲ್ಲ. ನನಗೆ ಬೇಜಾರಾಗುವುದು ಅದಕ್ಕೇ.

ಈ ಸಲ ತರಿಸುವವರು ದುಡ್ಡು ಕೊಡುವ ಮೊದಲು ಎರಡು ಪ್ರಶ್ನೆ ಕೇಳಿ. ತುಪ್ಪವೋ, ಡಾಲ್ಡಾನೋ? ಪೇಠಾ ಹಾಕಿದ್ದೀರಾ? ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ.