ನಿಮ್ಮ 82, ನಮ್ಮ ಲೆಕ್ಕದಲ್ಲಿ 60

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಗಿನ ವಾಕಿಂಗ್‌ಗೆ ಬರುವ ನಮ್ಮೂರಿನ ಹಿರಿಯರಿಗೆ ಒಂದು ವಿದ್ಯೆ ಕರಗತವಾಗಿದೆ. ಯಾರ ಮಾರ್ಕ್ಸ್ ಬೇಕಾದರೂ ಹೇಳಿ, ನಡಿಗೆ ನಿಲ್ಲಿಸದೆಯೇ ಅದರ ಅಸಲಿ ಬೆಲೆ ಹೇಳಿಬಿಡುತ್ತಾರೆ. ಎಂ.ಎ. ಇತಿಹಾಸದಲ್ಲಿ 82? "ಆರ್ಟ್ಸಾ? ಹಾಗಾದ್ರೆ 60 ಅಂದ್ಕೊಳ್ಳಿ." ಎಂ.ಎಸ್ಸಿ. ಕೆಮಿಸ್ಟ್ರಿಯಲ್ಲಿ 61? "ಪರವಾಗಿಲ್ಲ, 75ಕ್ಕೆ ಸಮ." ಎಂಬಿಬಿಎಸ್‌ನಲ್ಲಿ 55 ಅಂದರೆ ಲೆಕ್ಕವೇ ಇಲ್ಲ, ಸುಮ್ನೆ ಕೈ ಮುಗಿಯುತ್ತಾರೆ. ಬಿ.ಕಾಂ. ವಿಷಯ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಅದಕ್ಕೆ ಆಡಿಟರ್ ಸಹಿ ಬೇಕಂತೆ.

ಈ ರೇಟು ಕಟ್ಟಿದವರು ಯಾರು? 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಶುರು ಮಾಡಿದ ನಾಲ್ವಡಿಯವರಂತೂ ಅಲ್ಲ. 1918ರಿಂದ 1921ರವರೆಗೆ ಮಹಾರಾಜ ಕಾಲೇಜಿನಲ್ಲಿ ರಾಧಾಕೃಷ್ಣನ್ ತತ್ತ್ವಶಾಸ್ತ್ರ ಪಾಠ ಮಾಡಿದರು. ಅವರು ಕಲ್ಕತ್ತಾಕ್ಕೆ ಹೊರಟಾಗ ಹುಡುಗರು ಸಾರೋಟಿಗೆ ಹೂವಿನ ಅಲಂಕಾರ ಮಾಡಿ, ರೈಲ್ವೆ ಸ್ಟೇಷನ್‌ವರೆಗೆ ತಾವೇ ಎಳೆದುಕೊಂಡು ಹೋದರಂತೆ. "ಫಿಲಾಸಫಿ ತಾನೇ, ಗಾಡಿ ಎಳೆಯೋಕೂ ಟೈಮ್ ಇರತ್ತೆ" ಅಂತ ಆಗಲೂ ಯಾರಾದರೂ ಅಂದಿರಬೇಕು.

ಯುಜಿಸಿಯವರು ಈ ಗೊಂದಲವೇ ಬೇಡ ಅಂತ ಎಲ್ಲ ವಿಷಯಕ್ಕೂ 10 ಪಾಯಿಂಟಿನ ಒಂದೇ ಪಟ್ಟಿ ಮಾಡಿಕೊಟ್ಟರು. 'ಓ' ಬಂದರೆ 10, 'ಎ ಪ್ಲಸ್' ಬಂದರೆ 9, 'ಪಿ' ಬಂದರೆ 4. ಸರಿ, ಸಮಾನತೆ ಬಂತು. ಆದರೆ ಎಂಬಿಬಿಎಸ್‌ನಲ್ಲಿ 49 ತೆಗೆದವನು ಫೇಲು, ಎಂಜಿನಿಯರಿಂಗ್‌ನಲ್ಲಿ ಒಟ್ಟು 40 ತೆಗೆದವನು ಪಾಸು. ಅದೇ ಎಂಜಿನಿಯರಿಂಗ್‌ನವರಿಗೆ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, 2015ರ ಸ್ಕೀಮಿನಲ್ಲಿ ಇನ್ನೊಂದು ಸೂತ್ರ ಕೊಟ್ಟಿತು: ಸಿಜಿಪಿಎಯಲ್ಲಿ (ಎಲ್ಲ ಸೆಮಿಸ್ಟರ್ ಸೇರಿದ ಸರಾಸರಿ ಗ್ರೇಡ್ ಪಾಯಿಂಟಿನಲ್ಲಿ) 0.75 ಕಳೆಯಿರಿ, 10ರಿಂದ ಗುಣಿಸಿ, ಅದೇ ನಿಮ್ಮ ಪರ್ಸೆಂಟೇಜು. ಅಂದರೆ 10ಕ್ಕೆ 10 ತೆಗೆದವನಿಗೂ 92.5. ಉಳಿದ ಏಳೂವರೆ ಎಲ್ಲಿ ಹೋಯಿತು? ಜಿಎಸ್‌ಟಿ ಬರುವುದಕ್ಕೆ ಎರಡು ವರ್ಷ ಮೊದಲೇ ಹುಡುಗರು ತೆರಿಗೆ ಕಟ್ಟಿದ್ದರು.

ಇದೆಲ್ಲ ಬಿಡಿ. ನಿಜವಾದ ವ್ಯಾಪಾರ ನೋಡಬೇಕೆಂದರೆ ವಿಶ್ವವಿದ್ಯಾನಿಲಯದ ಕ್ಯಾಂಪಸ್ಸಾದ ಮಾನಸಗಂಗೋತ್ರಿಯಲ್ಲಿ ಓಪನ್ ಎಲೆಕ್ಟಿವ್ ಆರಿಸುವ ವಾರದಲ್ಲಿ ಒಂದು ಸುತ್ತು ಹಾಕಬೇಕು. ಫಿಸಿಕ್ಸ್ ಹುಡುಗ ಬೇರೆ ವಿಭಾಗದ ಒಂದು ಪೇಪರನ್ನೂ ಓದಲಿ, ಅವನ ಲೋಕ ಹಿಗ್ಗಲಿ ಅನ್ನುವುದು ಇದರ ಉದ್ದೇಶ. ಲೋಕ ಹಿಗ್ಗುತ್ತದೆ, ಸುಳ್ಳಲ್ಲ. ಯಾವ ವಿಭಾಗದಲ್ಲಿ ಅಟೆಂಡೆನ್ಸ್ ಕೇಳುತ್ತಾರೆ, ಯಾರು ಇಂಟರ್ನಲ್ಸ್‌ನಲ್ಲಿ ಕೈ ಬಿಗಿ, ಹೋದ ವರ್ಷ ಯಾವ ಮೇಷ್ಟ್ರು ಇಡೀ ಕ್ಲಾಸಿಗೆ 'ಓ' ಹಂಚಿದರು ಎಂಬ ಜ್ಞಾನವೆಲ್ಲ ಎರಡೇ ದಿನದಲ್ಲಿ ಬಂದುಬಿಡುತ್ತದೆ. ಆ ಪೇಪರಿನಲ್ಲಿ ಏನು ಪಾಠವಿದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದವನನ್ನು ಸೀನಿಯರ್‌ಗಳು ಕನಿಕರದಿಂದ ನೋಡುತ್ತಾರೆ.

ಕಟ್ಟುನಿಟ್ಟಾಗಿ ಮಾರ್ಕ್ಸ್ ಹಾಕುವ ಮೇಷ್ಟ್ರ ಕ್ಲಾಸಿಗೆ ನಾಲ್ಕು ಜನ ಸೇರುತ್ತಾರೆ. ಅದರಲ್ಲಿ ಇಬ್ಬರು ದಾರಿ ತಪ್ಪಿ ಬಂದವರು. "ಸ್ವಲ್ಪ ನೋಡ್ಕೊಳ್ಳಿ ಸರ್, ಪೇಪರ್ ನಿಂತು ಹೋದ್ರೆ ಕಷ್ಟ" ಅಂತ ಮೇಲಿನವರು ಕಿವಿಯಲ್ಲಿ ಹೇಳುತ್ತಾರೆ. ಮೇಷ್ಟ್ರು ನೋಡಿಕೊಳ್ಳುತ್ತಾರೆ. ಮರುವರ್ಷ ಬೆಂಚು ಸಾಲುವುದಿಲ್ಲ.

ಮಂಡ್ಯದ ಕಬ್ಬು ಬೆಳೆಗಾರರೊಬ್ಬರಿಗೆ ಇದನ್ನು ವಿವರಿಸಿದೆ. ಅವರ ಮಗಳೂ ಗಂಗೋತ್ರಿಯಲ್ಲೇ ಓದುತ್ತಿದ್ದಾಳೆ. ಅವರು ನಕ್ಕುಬಿಟ್ಟರು. "ಕಬ್ಬಿಗೂ ಹಿಂಗೇ ಅಲ್ವಾ ಸಾ. ರೇಟು ಕಟ್ಟೋದು ಸಕ್ಕರೆ ಇಳುವರಿ ಮೇಲೆ. ಇಳುವರಿ ಅಳೆಯೋನು ಫ್ಯಾಕ್ಟ್ರಿಯೋನೇ!" ಪಾಠ ಮಾಡಿದವರೇ ಟೆಸ್ಟು ಕೊಟ್ಟು, ಅವರೇ ತಿದ್ದಿ, ಅವರೇ ಇಂಟರ್ನಲ್ಸ್ ಹಾಕುವ ಪದ್ಧತಿಯನ್ನು ಇದಕ್ಕಿಂತ ಚುಟುಕಾಗಿ ಯಾವ ಶಿಕ್ಷಣ ತಜ್ಞರೂ ಹೇಳಿಲ್ಲ. ಒಂದೇ ವ್ಯತ್ಯಾಸ. ಅಲ್ಲಿ ಇಳುವರಿ ಕಮ್ಮಿ ತೋರಿಸ್ತಾರೆ ಅಂತ ರೈತರ ದೂರು. ಇಲ್ಲಿ ಜಾಸ್ತಿ ತೋರಿಸುವುದರಿಂದ ಯಾರದೂ ದೂರಿಲ್ಲ.

ಹಾಗಂತ 'ಆರ್ಟ್ಸ್ ಸುಲಭ' ಅನ್ನುವವರ ಪಕ್ಷಕ್ಕೆ ನಾನು ಸೇರಿಲ್ಲ. ಅಡಿಷನಲ್ ಶೀಟು ಎಣಿಸಿ ಮಾರ್ಕ್ಸ್ ಹಾಕುವ ಮಹನೀಯರು ಇದ್ದಾರೆ, ಒಪ್ಪೋಣ. ಆದರೆ ವಿಜ್ಞಾನದವರ ಪ್ರಾಕ್ಟಿಕಲ್ ರೆಕಾರ್ಡನ್ನೂ ಒಮ್ಮೆ ತೆರೆದು ನೋಡಿ. ಲೋಲಕದ ದಾರ ಗಂಟು ಬಿದ್ದಿರಲಿ, ಸ್ಟಾಪ್‌ವಾಚ್ ಕೆಟ್ಟಿರಲಿ, ಗುರುತ್ವದ 'ಜಿ' ಬೆಲೆ ಮಾತ್ರ 9.8. ಉತ್ತರ ಮೊದಲು, ರೀಡಿಂಗ್ ಆಮೇಲೆ, ಇದು ತಲೆಮಾರುಗಳಿಂದ ಬಂದ ವಿಧಾನ. ಅದೇ ಹುಡುಗನ ಕೈಗೆ ಹಳಗನ್ನಡದ ಒಂದು ಕಂದಪದ್ಯ ಕೊಡಿ. ಮೊದಲ ಸಾಲಿಗೆ 12 ಮಾತ್ರೆ, ಎರಡನೆಯದಕ್ಕೆ 20. ವಿಷಮ ಸ್ಥಾನದಲ್ಲಿ ಜಗಣ (ಲಘು-ಗುರು-ಲಘು) ಬರಬಾರದು. ಜೊತೆಗೆ ಅರ್ಥವನ್ನೂ ಹೇಳಬೇಕು. ಇಲ್ಲಿ ಉತ್ತರ ಹಿಂದಿನಿಂದ ಕೂಡಿಸಿಕೊಂಡು ಬರಲು ಆಗುವುದಿಲ್ಲ.

ಇದಕ್ಕೊಂದು ಕಷ್ಟ ನಿರ್ಧಾರ ಪ್ರಾಧಿಕಾರ ಮಾಡಿದರೆ ಹೇಗೆ? ವಿಶ್ವವಿದ್ಯಾನಿಲಯದ ಆಡಳಿತ ಕಚೇರಿಯಿರುವ ಕ್ರಾಫರ್ಡ್ ಹಾಲ್‌ನಲ್ಲಿ ವಿಚಾರಣೆ ಇಡಬಹುದು. ಕೆಮಿಸ್ಟ್ರಿಯವರು ಆಸಿಡ್ ಬಿದ್ದು ತೂತಾದ ಏಪ್ರನ್ ತರುತ್ತಾರೆ. ಕನ್ನಡದವರು 2008ರ ಶಾಸ್ತ್ರೀಯ ಸ್ಥಾನಮಾನದ ಆದೇಶದ ಪ್ರತಿ ತರುತ್ತಾರೆ. ಅರ್ಥಶಾಸ್ತ್ರದವರು "ಉಳಿದೆಲ್ಲವೂ ಸಮನಾಗಿದ್ದರೆ" ಅಂತ ಶುರು ಮಾಡಿ ಮಧ್ಯಾಹ್ನದ ಊಟದವರೆಗೂ ಮುಗಿಸುವುದಿಲ್ಲ. ಗಣಿತದವರು ಬರುವುದೇ ಇಲ್ಲ, ತಮ್ಮದು ಕಷ್ಟವೆಂದು ಸಾಧಿಸಿ ತೋರಿಸುವ ಅಗತ್ಯವಿಲ್ಲ ಅಂತ ಒಂದು ಸಾಲಿನ ಪತ್ರ ಕಳಿಸುತ್ತಾರೆ.

ಪ್ರಾಧಿಕಾರ ಬರುವವರೆಗೆ ತೀರ್ಪು ಕೊಡಲು ಯುಪಿಎಸ್‌ಸಿ ಇದೆ. ಅಲ್ಲಿಗೆ ಯಾವ ಪದವಿಯಾದರೂ ನಡೆಯುತ್ತದೆ. ಮೇನ್ಸ್‌ನಲ್ಲಿ ಐಚ್ಛಿಕ ವಿಷಯಕ್ಕೆ 500 ಅಂಕ. ಸರಸ್ವತಿಪುರಂನಲ್ಲಿ ಎಂಜಿನಿಯರ್ ಮಗನ ತಂದೆಯೊಬ್ಬರು ಇದ್ದಾರೆ. "ಆರ್ಟ್ಸ್ ಓದೋದು ಟೈಮ್ ಪಾಸ್" ಅನ್ನುವುದು ಅವರ ಬಹುಕಾಲದ ಸಿದ್ಧಾಂತ. ಮಗರಾಯ ನಾಲ್ಕು ವರ್ಷ ಮೆಕ್ಯಾನಿಕಲ್ ಓದಿ, ಐಚ್ಛಿಕ ವಿಷಯಕ್ಕೆ ಕನ್ನಡ ಸಾಹಿತ್ಯ ತೆಗೆದುಕೊಂಡಿದ್ದಾನೆ. ಮೊನ್ನೆ ತಂದೆಯವರೇ ಪಕ್ಕದ ರಸ್ತೆಯಲ್ಲಿರುವ ಕನ್ನಡ ಎಂ.ಎ. ಹುಡುಗಿಯ ಮನೆ ಗೇಟು ತೆಗೆದರು.

"ನಿನ್ನ ನೋಟ್ಸ್ ಸ್ವಲ್ಪ ಕೊಡ್ತೀಯೇನಮ್ಮ? ಹಳಗನ್ನಡ ಯಾಕೋ ಅವನಿಗೆ ಹಿಡೀತಾ ಇಲ್ಲ."

"ಕೊಡ್ತೀನಿ ಅಂಕಲ್. ಒಟ್ಟು ಆರು ನೋಟ್‌ಬುಕ್ ಇದೆ, ಬ್ಯಾಗ್ ತಂದಿದ್ದೀರಾ?"